ಕರಡಿ ಮುರಿದ ಕುರ್ಚಿ

ಬಾಡಿಗೆ ಸಾಮಾನಿನ ಅಂಗಡಿಯವನು ಇವತ್ತು ಬೆಳಗ್ಗೆ ಮತ್ತೆ ಫೋನ್ ಮಾಡಿದ್ದ. "ಸಾರ್, ಕುರ್ಚಿ ತಗೊಂಡು ಹೋಗಿ ಸೌದೆ ವಾಪಸ್ ಕೊಟ್ರೆ ಹೆಂಗೆ?" ಅವನ ಮಾತಿನಲ್ಲೂ ನ್ಯಾಯ ಇದೆ. ನಮ್ಮ ನಾಟಕ ತಂಡದ ಖಜಾಂಚಿ ನಾನು. ಪರಿಕರದ ಉಸ್ತುವಾರಿಯೂ ನಂದೇ. ಹವ್ಯಾಸಿ ತಂಡ ಅಂದ್ರೆ ಗೊತ್ತಲ್ವಾ, ಪಾತ್ರ ಸಿಗದವರಿಗೆ ಹುದ್ದೆ ಸಿಗುತ್ತದೆ.

ಆಡಿದ್ದು ರಷ್ಯಾದ ನಾಟಕಕಾರ ಚೆಕಾಫ್ 1888ರಲ್ಲಿ ಬರೆದ 'ಕರಡಿ'. ಸತ್ತ ಗಂಡನ ನೆನಪಲ್ಲಿ ಮನೆ ಬಿಟ್ಟು ಹೊರಬರದ ಪೊಪೋವಾ ಹತ್ತಿರ ಸ್ಮಿರ್ನೋವ್ ಸಾಲ ವಸೂಲಿಗೆ ಬರುತ್ತಾನೆ. ಓಟ್ಸ್ ಬಾಕಿ, 1200 ರೂಬಲ್. ಜಗಳ ಪಿಸ್ತೂಲಿನ ತನಕ ಹೋಗಿ ಮುತ್ತಿನಲ್ಲಿ ಮುಗಿಯುತ್ತದೆ. ಪಾತ್ರ ಕಡಿಮೆ, ಸೆಟ್ ಒಂದೇ ಕೋಣೆ, ಖರ್ಚಿಲ್ಲ ಅಂತ ಆರಿಸಿದ್ದೆವು. ಸ್ಮಿರ್ನೋವ್ ಎರಡು ಸಲ ಕುರ್ಚಿ ಮುರಿಯಬೇಕು ಅಂತ ಮಹಾನುಭಾವ ಬರೆದಿಟ್ಟಿದ್ದಾನೆ.

ರಿಹರ್ಸಲ್‌ನಲ್ಲಿ ಸುಮ್ನೆ ಮುರಿದ ಹಾಗೆ ಮಾಡಪ್ಪಾ ಅಂದರೆ ನಮ್ಮ ಹೀರೋ ಕೇಳಲಿಲ್ಲ. "ನಿಜವಾಗ್ಲೂ ಮುರೀದಿದ್ರೆ ಒಳಗಿಂದ ಬರಲ್ಲ ಸಾರ್." ಆಫೀಸಿನಲ್ಲಿ ಮ್ಯಾನೇಜರ್ ಎದುರು ಕುರ್ಚಿಯ ತುದಿಯಲ್ಲಿ ಕೂರುವ ಆಸಾಮಿ ಇವನು. ಸಂಜೆಯಾದರೆ ಕುರ್ಚಿ ಕಂಡರಾಗದು. ಪ್ಲಾಸ್ಟಿಕ್ಕಿನದು ಕೊಟ್ಟು ನೋಡಿದೆ. ಬಾಗಿತು, ಮುರಿಯಲಿಲ್ಲ. ಮುನಿಸಿಕೊಂಡು ಟೀಗೆ ಹೋದವನು ಅವತ್ತು ವಾಪಸ್ಸೇ ಬರಲಿಲ್ಲ. ಆಮೇಲೆ ಮರದ ಕುರ್ಚಿ ಬಂದವು, ಹೋದವು.

ಶೋಗೆ ಮಾತ್ರ ಗುಜರಿಯಿಂದ ಎರಡು ತಂದು, ಕೀಲು ಸಡಿಲ ಮಾಡಿ, ಮುಟ್ಟಿದರೆ ಬೀಳುವಂತೆ ನಿಲ್ಲಿಸಿದ್ದೆ. ಮೊದಲನೆಯದು ಕೈ ತಾಗಿದ್ದೇ ತಡ, ಕುಸಿಯಿತು. ಎರಡನೆಯದನ್ನು ನಾಟಕಕ್ಕೆ ಮೊದಲು ಹಾಲ್‌ನ ವಾಚ್‌ಮನ್ ನೋಡಿದ್ದಾನೆ. ಒಳ್ಳೇ ಮನುಷ್ಯ. ಯಾರಾದರೂ ಬಿದ್ದುಗಿದ್ದಾರು ಅಂತ ಗಟ್ಟಿಯಾಗಿ ನಾಲ್ಕು ಮೊಳೆ ಹೊಡೆದಿದ್ದಾನೆ.

ಪ್ರೇಮ ನಿವೇದನೆಯ ಘಟ್ಟ. ಸ್ಮಿರ್ನೋವ್ ಕುರ್ಚಿಯ ಬೆನ್ನು ಹಿಡಿದು ಅದುಮಿದ. ಏನೂ ಆಗಲಿಲ್ಲ. ಎತ್ತಿ ಕುಕ್ಕಿದ. ಮಂಡಿ ಕೊಟ್ಟು ತಿರುಚಿದ. ಅಂಟಿಸಿದ್ದ ಮೀಸೆಯ ಒಂದು ತುದಿ ಕಿತ್ತು ಬಂತು, ಕುರ್ಚಿ ಜಗ್ಗಲಿಲ್ಲ. ಪಿಸ್ತೂಲು ಹಿಡಿದ ಪೊಪೋವಾ ಗೋಡೆಯ ಕಡೆ ತಿರುಗಿದಳು, ಭುಜ ಮಾತ್ರ ಕುಣಿಯುತ್ತಿತ್ತು. "ಮುಂದಕ್ಕೆ ಹೋಗೋ!" ಅಂತ ನಾನು ಸೈಡ್ ವಿಂಗಿನಿಂದ ಕೈ ಬೀಸಿದೆ. ಹೋದ. ಒಂದು ಕೂದಲೂ ಕೊಂಕದ ಕುರ್ಚಿಯನ್ನು ಎದೆಗವುಚಿಕೊಂಡು, ಏದುಸಿರು ಬಿಡುತ್ತಾ, ಬಾಯಿಪಾಠ ಮಾಡಿದ್ದನ್ನು ಹಾಗೇ ಒಪ್ಪಿಸಿದ: "ಎಂಥಾ ಮುರುಕು ಸಾಮಾನು ಇಟ್ಕೊಂಡಿದ್ದೀರಿ! ನೀವಂದ್ರೆ ನಂಗಿಷ್ಟ!"

ಅಂಥ ನಗು ನಮ್ಮ ತಂಡ ಯಾವತ್ತೂ ಕೇಳಿರಲಿಲ್ಲ. ಅರ್ಧ ಹಾಲ್ ಖಾಲಿ, ಉಳಿದರ್ಧದಲ್ಲಿ ಹೆಚ್ಚಿನವರು ನಮ್ಮ ನಮ್ಮ ಮನೆಯವರು. ಆದರೂ ಆ ಒಂದು ನಿಮಿಷ ಹಾಲ್ ತುಂಬಿದ ಹಾಗಿತ್ತು. ಇನ್ನಷ್ಟು ಜನ ಇರಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ.

ಈ ನಾಟಕ ಕೊಟ್ಟ ದುಡ್ಡು ನೋಡಿ, ಇದಕ್ಕೆ 'ಹಾಲು ಕೊಡೋ ಹಸು' ಅಂತ ಹೆಸರಿಡಬೇಕಿತ್ತು ಎಂದು ಚೆಕಾಫ್ ತಮಾಷೆ ಮಾಡಿದ್ದನಂತೆ. ಅವನಿಗೆ ಕರೆಯಿತು. ನಮ್ಮನ್ನು ಒದೆಯಿತು. ಕುರ್ಚಿ ದುಡ್ಡಿಗೆ ತಂಡದವರನ್ನು ಕೇಳಿದರೆ ಎಲ್ಲರೂ ಪೊಪೋವಾಗಳೇ: "ನಾಡಿದ್ದು ಕೊಡ್ತೀನಿ." ಸ್ಮಿರ್ನೋವ್ ಯಾಕೆ ಅಷ್ಟು ಕೂಗಾಡ್ತಾನೆ ಅಂತ ನಿರ್ದೇಶಕರಿಗಿಂತ ಚೆನ್ನಾಗಿ ನನಗೀಗ ಗೊತ್ತು.

ಮುಂದಿನ ಸಲ ಅವನದೇ 'ಪ್ರಪೋಸಲ್' ಮಾಡೋಣ ಅಂದಿದ್ದೇನೆ. ಅದರ ಹೀರೋ ಲೊಮೊವ್‌ಗೆ ಎದೆ ಡವಗುಟ್ಟುವ ಕಾಯಿಲೆ. ಕುರ್ಚಿ ಮುರಿಯುವ ತಾಕತ್ತಿಲ್ಲ, ನೀರು ಕುಡಿಯುತ್ತಾನೆ. ನಮ್ಮ ಹೀರೋ ತಕ್ಷಣ ಒಪ್ಪಿದ.

"ಆದ್ರೆ ಸಾರ್, ಗ್ಲಾಸು ಮಾತ್ರ ಗಾಜಿಂದೇ ಇರ್ಲಿ."