ಪ್ರಶ್ನೆ ಕೇಳ್ಲಿ, ಕಾರಣಾನೂ ಹೇಳ್ಲಿ

ಹೊರದೇಶದಲ್ಲಿರೋ ನಮ್ಮಂಥವರಿಗೆ ಇಮಿಗ್ರೇಷನ್ ಕೌಂಟರ್ ಹೊಸದೇನಲ್ಲ, ಆದ್ರೂ ಗಾಜಿನ ಹಿಂದೆ ಕೂತವರು ಪಾಸ್‌ಪೋರ್ಟ್ ಪುಟಗಳನ್ನ ತಿರುವ್ತಾ ಏನೂ ಮಾತಾಡದೆ ಇದ್ದುಬಿಟ್ರೆ ಎದೆ ಡವಡವ ಅನ್ನತ್ತೆ, ಪೇಪರ್ ಎಲ್ಲಾ ಸರಿಯಾಗಿದ್ರೂನೂ. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಅಂತಿಲ್ಲ, ಅದು ಗೊತ್ತು. ಯಾಕೆ ಬಂದ್ರಿ, ಎಲ್ಲಿ ಉಳ್ಕೋತೀರಿ, ವಾಪಸ್ ಟಿಕೆಟ್ ಎಲ್ಲಿ, ಎಲ್ಲಾ ಕೇಳ್ಲಿ, ಅದು ಅವರ ಕೆಲಸ. ನನ್ನ ತಕರಾರು ಇರೋದು ಕೇಳೋ ರೀತಿ ಬಗ್ಗೆ, ಮತ್ತೆ ಕಾರಣ ಹೇಳದೇ ಕೂರಿಸೋದ್ರ ಬಗ್ಗೆ.

ಒಂದು ದೇಶದಲ್ಲಿ ಕ್ಯೂನಲ್ಲಿ ನನ್ನ ಮುಂದೆ ವಯಸ್ಸಾದ ಅಮ್ಮ ಒಬ್ರಿದ್ರು, ಅವರಿಗೆ ಆ ಭಾಷೆ ಬರಲ್ಲ. ಆಫೀಸರ್ ಅದೇ ಪ್ರಶ್ನೆನ ಜೋರಾಗಿ, ಇನ್ನೂ ಜೋರಾಗಿ ಕೇಳ್ತಾ ಹೋದ, ಜೋರಾಗಿ ಕೇಳಿದ್ರೆ ಭಾಷೆ ಬಂದುಬಿಡತ್ತಾ? ಪಾಪ ಅವರು ಪ್ಲಾಸ್ಟಿಕ್ ಕವರಿಂದ ಒಂದೊಂದೇ ಕಾಗದ ತೆಗೆದು ಕೊಡ್ತಿದ್ರು, ಅವನು ನೋಡದೇ ವಾಪಸ್ ತಳ್ತಿದ್ದ, ಕೊನೆಗೆ ಪಕ್ಕದ ರೂಮಿನ ಕಡೆ ಬೆರಳು ತೋರಿಸಿದ ಅಷ್ಟೆ. ಇನ್ನೊಂದು ಕಡೆ ಇಂಥದ್ದೇ ಸಂದರ್ಭದಲ್ಲಿ ಆಫೀಸರಮ್ಮ ಫೋನ್ ಎತ್ತಿ ಭಾಷೆ ಬಲ್ಲವರನ್ನ ಸ್ಪೀಕರಿಗೆ ಹಾಕಿದ್ರು, ನಾಲ್ಕು ಮಾತಲ್ಲಿ ಮುಗೀತು, ಸ್ಟಾಂಪ್ ಬಿತ್ತು. ಇಬ್ರೂ ಮಾಡ್ತಿದ್ದಿದ್ದು ಒಂದೇ ಕೆಲಸ.

ಇದು ಬರೀ ಆಫೀಸರ್ ಒಳ್ಳೆಯವರಾ ಕೆಟ್ಟವರಾ ಅನ್ನೋದರ ಮೇಲೆ ನಿಂತಿಲ್ಲ, ರೂಲ್ಸ್ ಏನು ಹೇಳತ್ತೆ ಅನ್ನೋದೂ ಮುಖ್ಯ. ಯುರೋಪಿನ ಷೆಂಗೆನ್ ದೇಶಗಳ, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಿನ, ಗಡಿ ನಿಯಮದಲ್ಲಿ ಪ್ರಯಾಣಿಕರ ಘನತೆಗೆ ಧಕ್ಕೆ ಬರಬಾರದು ಅಂತ ನೇರವಾಗೇ ಬರೆದಿದೆ. ಹೆಚ್ಚಿನ ತಪಾಸಣೆಗೆ ಪಕ್ಕಕ್ಕೆ ಕರೆದ್ರೆ ಯಾಕೆ, ಹೇಗೆ ಅನ್ನೋದನ್ನ ಅರ್ಥವಾಗೋ ಹಾಗೆ ತಿಳಿಸಬೇಕು, ಆಫೀಸರ್ ಹೆಸರು ಅಥವಾ ನಂಬರ್ ಕೇಳೋ ಹಕ್ಕಿದೆ, ವಾಪಸ್ ಕಳಿಸಿದ್ರೆ ಕಾರಣ ಬರೆದುಕೊಡಬೇಕು, ಮೇಲ್ಮನವಿ ಹಾಕಬಹುದು. ಅಮೆರಿಕದಲ್ಲಿ ನೋಡಿ, 1996ರ ಕಾನೂನಿನ ಪ್ರಕಾರ ಕೆಲವು ಸಂದರ್ಭದಲ್ಲಿ ಜಡ್ಜ್ ಮುಂದೆ ಹೋಗದೇನೇ ಆಫೀಸರೇ ಆರ್ಡರ್ ಮಾಡಿ ವಾಪಸ್ ಕಳಿಸಬಹುದು, ಆಮೇಲೆ ಸಾಮಾನ್ಯವಾಗಿ 5 ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ. ವಾರಂಟ್ ಇಲ್ಲದೇ ಫೋನ್ ತೆಗೆದು ನೋಡ್ತಾರೆ. ಒಬ್ಬ ಮನುಷ್ಯನ ಕೈಗೆ ಅಷ್ಟು ಅಧಿಕಾರ ಕೊಟ್ಮೇಲೆ ಅವನ ಮೂಡ್ ಹೇಗಿದೆ ಅನ್ನೋದೇ ನಮ್ಮ ಹಣೆಬರಹ ಆಗಿಬಿಡತ್ತೆ, ಅದು ತಪ್ಪು. ಹಾಗಂತ ಯುರೋಪಲ್ಲಿ ಎಲ್ಲಾ ನಗುನಗ್ತಾ ಮಾತಾಡಿಸ್ತಾರೆ ಅಂತಲ್ಲ, ಆದ್ರೆ ಕೇಳೋಕೆ ನಮ್ಮ ಕೈಯಲ್ಲಿ ಒಂದು ನಿಯಮ ಇರತ್ತೆ.

ಆಫೀಸರ್‌ಗಳಿಗೂ ಕಷ್ಟ ಇದೆ, ಒಂದರ ಹಿಂದೆ ಒಂದು ಫ್ಲೈಟ್, ಸುಳ್ಳು ಹೇಳೋರೂ ಬರ್ತಾರೆ, ಒಪ್ತೀನಿ. ಆದ್ರೆ ಅದೇ ಕ್ಯೂನಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇರೋರಿಗೆ ವೆಲ್ಕಮ್, ನಮ್ಮಂಥವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ ಅನ್ನೋದು ಕೆಲಸದ ಒತ್ತಡದಿಂದ ಬರೋದಲ್ಲ.

ಅದಕ್ಕೇ ಮೊದಲನೇ ಸಲ ಬರೋ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು, ಉಳಿಯೋ ಮನೆ ಅಡ್ರೆಸ್, ಫೋನ್ ನಂಬರ್ ಅಲ್ಲಿನ ಭಾಷೆಯಲ್ಲೇ ಬರೆಸಿ ಕೈಯಲ್ಲಿಟ್ಕೊಳ್ಳಿ, ಅರ್ಥ ಆಗದ ಕಾಗದಕ್ಕೆ ಸೈನ್ ಹಾಕೋ ಮುಂಚೆ ನಮ್ಮ ಭಾಷೆ ಬರೋರನ್ನ ಕೊಡಿ ಅಂತ ಕೇಳಿ, ಹೆದರ್ಕೋಬೇಡಿ.