ವಾಚ್ ಹೇಳಿದ ಕ್ಯಾಲೊರಿ ನಂಬಿ ಊಟ ಬಿಡಬೇಡಿ

ಹೋದ ತಿಂಗಳು ಒಂದು ರಾತ್ರಿ ಅಕ್ಕನ ಮನೆಯಲ್ಲಿದ್ದೆ. ಎಲ್ಲರೂ ಊಟಕ್ಕೆ ಕೂತರು. ಅಕ್ಕ ಮಾತ್ರ ಒಂದು ಲೋಟ ಮಜ್ಜಿಗೆ ಹಿಡಿದು ನಿಂತಿದ್ದಳು.

"ನಿಂಗೆ ಊಟ ಬೇಡ್ವಾ ಅಕ್ಕ?"

"ಇವತ್ತು ಇನ್ನೂರು ಕ್ಯಾಲೊರಿನೂ ಕರಗಿಲ್ಲ ಕಣೋ" ಅಂತ ಸ್ಮಾರ್ಟ್‌ವಾಚ್ ತೋರಿಸಿದಳು.

ಬೆಳಗ್ಗೆ ಒಂದು ಗಂಟೆ ವಾಕಿಂಗ್ ಮಾಡಿದ್ದಾಳೆ, ಆಮೇಲೆ ಇಡೀ ದಿನ ಮನೆಗೆಲಸ. ಆದ್ರೂ ಮುದ್ದೆ ಮುಟ್ಟಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ವಾಚು ಕ್ಯಾಲೊರಿಯನ್ನು ಅಳೆಯುವುದೇ ಇಲ್ಲ. ಅದರ ಬೆನ್ನಿಗೆ ಹಸಿರು ದೀಪ ಇರುತ್ತಲ್ಲ, ಅದು ಚರ್ಮದ ಕೆಳಗಿನ ರಕ್ತದ ಓಟ ನೋಡಿ ನಾಡಿ ಎಣಿಸುತ್ತದೆ. ಇನ್ನೊಂದು ಸೆನ್ಸರ್ ಕೈ ಅಲುಗಾಡುವುದನ್ನು ಗಮನಿಸುತ್ತದೆ. ಅದಕ್ಕೆ ನಿಮ್ಮ ವಯಸ್ಸು, ಎತ್ತರ, ತೂಕ ಸೇರಿಸಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಲ್ಯಾಬ್‌ನಲ್ಲಿ ಅಳೆಯುವಾಗ ಮುಖಕ್ಕೆ ಮಾಸ್ಕ್ ಕಟ್ಟಿ, ದೇಹ ಎಷ್ಟು ಆಕ್ಸಿಜನ್ ಬಳಸಿತು ಅಂತ ನೋಡುತ್ತಾರೆ. ಒಂದು ಲೀಟರ್ ಆಕ್ಸಿಜನ್‌ಗೆ ಸುಮಾರು 5 ಕ್ಯಾಲೊರಿ. ಮಣಿಕಟ್ಟಿನ ಮೇಲೆ ಕೂತ ವಾಚಿಗೆ ನಿಮ್ಮ ಉಸಿರಿನ ಲೆಕ್ಕ ಹೇಗೆ ಸಿಗಬೇಕು?

ಬಿಸಿಲಿಗೆ, ಕಾಫಿಗೆ, ಗಾಬರಿಗೆ ಕೂಡ ನಾಡಿ ಏರುತ್ತದೆ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮೂರು ಮಹಡಿ ಹತ್ತಿದರೆ ಕೈ ಅಲುಗಾಡುವುದೇ ಇಲ್ಲ, ಮೈ ಮಾತ್ರ ಬೆವರುತ್ತದೆ.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಇಂಥ 7 ಸಾಧನ ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದರು. ನಾಡಿಯ ವಿಷಯದಲ್ಲಿ ಆರು ಸಾಧನಗಳ ತಪ್ಪು ಶೇ. 5ಕ್ಕಿಂತ ಕಡಿಮೆ. ಕ್ಯಾಲೊರಿಯಲ್ಲಿ? ಇದ್ದುದರಲ್ಲೇ ಒಳ್ಳೆಯದು ಸರಾಸರಿ ಶೇ. 27ರಷ್ಟು ತಪ್ಪು, ತೀರಾ ಕೆಟ್ಟದ್ದು ಶೇ. 93. ಆ ಮಾಡೆಲ್‌ಗಳು ಈಗ ಹಳೆಯವು, ನಿಜ. ಆದರೆ ನಾಡಿ ಮತ್ತು ಚಲನೆ ನೋಡಿ ಅಂದಾಜು ಮಾಡುವ ದಾರಿ ಇವತ್ತಿಗೂ ಅದೇ.

ಮಾರನೇ ದಿನ ಅಕ್ಕನ ಬಲಗೈಗೆ ನನ್ನ ವಾಚನ್ನೂ ಕಟ್ಟಿದೆ. ಒಂದು ಗಂಟೆ ನಡೆದು ಬಂದಳು. ಎಡಗೈ 168 ಅಂದಿತು, ಬಲಗೈ 251. ಒಂದೇ ಮೈ, ಒಂದೇ ನಡಿಗೆ! ನನ್ನದು ಸುಮ್ನೆ ಕೂತರೂ ಖರ್ಚಾಗುವ ಕ್ಯಾಲೊರಿಯನ್ನೂ ಸೇರಿಸಿತ್ತು. 60 ಕೆ.ಜಿ. ತೂಗುವ ಅಕ್ಕನಿಗೆ ಅದು ಗಂಟೆಗೆ ಹೆಚ್ಚುಕಡಿಮೆ 60. ಅದನ್ನು ಕಳೆದರೂ ಲೆಕ್ಕ ಕೂಡಲಿಲ್ಲ. ಅಕ್ಕ ಎರಡೂ ಕೈ ಮುಂದೆ ಚಾಚಿ ಸುಮಾರು ಹೊತ್ತು ನೋಡ್ತಾ ನಿಂತಿದ್ದಳು.

ವಾಚ್ ಬಿಸಾಡಿ ಅನ್ನುತ್ತಿಲ್ಲ. ನಾಡಿ ನೋಡಿಕೊಳ್ಳಿ, ಹೆಜ್ಜೆ ಎಣಿಸಿ. ಆ ಕ್ಯಾಲೊರಿ ಅಂಕಿ ನೋಡಿ ತಟ್ಟೆಗೆ ಜಾಸ್ತಿ ಬಡಿಸಿಕೊಳ್ಳುವುದೂ ಬೇಡ, ಹಸಿದ ಹೊಟ್ಟೆಯಲ್ಲಿ ಮಲಗುವುದೂ ಬೇಡ.

ಅಕ್ಕ ಈಗ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಲೆಕ್ಕ ಇಟ್ಟಿದ್ದಾಳೆ. ಮೊದಲು ದೊಡ್ಡ ನಂದಿ ತಲುಪುವಷ್ಟರಲ್ಲಿ ನಾಲ್ಕು ಕಡೆ ಕೂರುತ್ತಿದ್ದಳು. ಈ ಭಾನುವಾರ ಎರಡೇ ಕಡೆ ಕೂತಳು.