ಫಾರ್ಮ್ಯಾಟ್ ಹೊಡಿಯೂಕಿಂತ ಮೊದಲ ಟ್ಯಾಲಿ ಲೈಸೆನ್ಸು, ನುಡಿ ಫಾಂಟು ನೋಡ್ರಿ

ವಿಂಡೋಸ್ 10ರ ಸಪೋರ್ಟ್ 14 ಅಕ್ಟೋಬರ್ 2025ಕ್ಕ ಮುಗೀತು. ಅವತ್ತಿಂದ ಹುಬ್ಬಳ್ಳಿ, ಗದಗ ಕಡೆ ಅಂಗಡಿಕಾರರಿಗೆ ಎರಡ ಥರದ ಸಲಹೆ ಸಿಗಾಕತ್ತಾವ. ಒಂದು, "ಸಿಸ್ಟಮ್ ಹಳೇದಾತ್ರಿ, ಹೊಸಾದು ತಗೋರಿ". ಇನ್ನೊಂದು, "ತರ್ರಿ, ಬೈಪಾಸ್ ಮಾಡಿ ಹನ್ನೊಂದು ಹಾಕಿ ಕೊಡತೀವಿ", ಅಂದರ ಮೈಕ್ರೋಸಾಫ್ಟ್ ನಿಯಮ ದಾಟಿಸಿ ವಿಂಡೋಸ್ 11 ಏರಸೂದು. ನನ್ನ ಪ್ರಕಾರ ಎರಡೂ ಅವಸರದ ಮಾತು. ವಿಂಡೋಸ್ ಹಾಕೂದು ಒಂದ ಮಧ್ಯಾಹ್ನದ ಕೆಲಸ. ಧಂಧೆ ನಿಲ್ಲೂದು ಅದರ ಮ್ಯಾಲೆ ಕುಂತಿರೂ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್), ಪ್ರಿಂಟರ್ ಕೈ ಕೊಟ್ಟಾಗ.

ಮೊದಲ ಪ್ರೊಸೆಸರ್ ನಂಬರ್ ನೋಡ್ರಿ. ಸ್ಟಾರ್ಟ್ ಬಟನ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಸಿಸ್ಟಮ್ ತಗದರ ಕಾಣತೈತಿ. ಐ5-4460 ಅಂದರ ನಾಲ್ಕನೇ ಜನರೇಶನ್, ಐ3-8100 ಅಂದರ ಎಂಟನೇದು, ಐ3-10100 ಅಂದರ ಹತ್ತನೇದು. ಇಂಟೆಲ್ ಎಂಟನೇ ಜನರೇಶನ್‌ದಿಂದ ಮುಂದಿನವು ವಿಂಡೋಸ್ 11ಕ್ಕ ನಡೀತಾವ. ಸೆಕೆಂಡ್ ಹ್ಯಾಂಡ್ ತಗೊಳ್ಳೂವಾಗ ಬರೇ "ಐ5 ಐತಿ" ಅಂದದ್ದಕ್ಕ ರೊಕ್ಕ ಕೊಡಬ್ಯಾಡ್ರಿ. ಐ5-7500 ಭಾಳ ಚಲೋ ಓಡತೈತಿ, ಆದರ ಮೈಕ್ರೋಸಾಫ್ಟ್‌ನ ವಿಂಡೋಸ್ 11 ಪಟ್ಟಿಯೊಳಗ ಇಲ್ಲ.

ಪ್ರೊಸೆಸರ್ ಸರಿ ಇದ್ದೂ "ಟಿಪಿಎಂ 2.0 ಇಲ್ಲ" ಅಂತ ಬಂದರ ಗಾಬರಿ ಬ್ಯಾಡ. ಟಿಪಿಎಂ ಅಂದರ ವಿಂಡೋಸ್ 11 ಕೇಳೂ ಭದ್ರತೆಯ ಭಾಗ. ಎಂಟನೇ, ಒಂಬತ್ತನೇ ಜನರೇಶನ್ ಬೋರ್ಡ್‌ನಾಗ ಅದು ಇರತೈತಿ, ಎಷ್ಟೋ ಕಡೆ ಬಂದ್ ಇಟ್ಟಿರತಾರ ಅಷ್ಟ. ಬಯೋಸ್ ಅಂದರ ಮಷಿನ್ ಚಾಲೂ ಆಗೂವಾಗ ತೆರಿಯೂ ಬೋರ್ಡಿನ ಸೆಟ್ಟಿಂಗ್ ಪರದೆ. ಬಯೋಸ್‌ನಾಗ ಇಂಟೆಲ್‌ಗೆ ಪಿಟಿಟಿ ಅಂತ, ಎಎಂಡಿಗೆ ಎಫ್‌ಟಿಪಿಎಂ ಅಂತ ಇರತೈತಿ, ಆನ್ ಮಾಡ್ರಿ. ಡ್ರೈವ್ ಬಿಟ್‌ಲಾಕರ್ (ಡಾಟಾಕ್ಕ ಕೀಲಿ ಹಾಕೂ ವಿಂಡೋಸ್ ಸೌಲಭ್ಯ) ಆಗಿದ್ದರ ಬಯೋಸ್ ಮುಟ್ಟೂಕಿಂತ ಮೊದಲ ಅದನ್ನ ಸಸ್ಪೆಂಡ್ ಮಾಡಿ, ರಿಕವರಿ ಕೀ ಹಾಳಿ ಮ್ಯಾಲೆ ಬರದ ಇಟಗೋರಿ.

ಭಾಳ ಮಂದಿ ಸಿಕ್ಕ ಬೀಳೂದು ಇದರ ಮುಂದಿನ ಹಂತದಾಗ. ಹಿಂದ ಫಾರ್ಮ್ಯಾಟ್ ಮಾಡಿದವರು ಲೆಗಸಿ ಮೋಡ್‌ನಾಗ, ಎಂಬಿಆರ್ ಡಿಸ್ಕ್ ಮ್ಯಾಲೆ ವಿಂಡೋಸ್ ಹಾಕಿರತಾರ. ಲೆಗಸಿ ಅಂದರ ಬೂಟ್ ಆಗೂ ಹಳೇ ಪದ್ಧತಿ, ಯುಇಎಫ್‌ಐ ಅಂದರ ಹೊಸಾದು; ಎಂಬಿಆರ್, ಜಿಪಿಟಿ ಅಂದರ ಅವಕ್ಕ ತಕ್ಕ ಡಿಸ್ಕ್ ವಿಂಗಡಣೆ. ಹನ್ನೊಂದಕ್ಕ ಯುಇಎಫ್‌ಐ ಬೇಕು, ಅಂದರ ಡಿಸ್ಕ್ ಜಿಪಿಟಿ ಆಗಬೇಕು. ಇದಕ್ಕ ಫಾರ್ಮ್ಯಾಟ್ ಬೇಕಾಗೂದಿಲ್ಲ. ವಿಂಡೋಸ್ 10ರೊಳಗನ ಎಂಬಿಆರ್‌2ಜಿಪಿಟಿ ಅನ್ನೂ ಕಮಾಂಡ್ ಐತಿ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತಗದು, ಅಲೌ ಫುಲ್ ಓಎಸ್ ಅನ್ನೂ ಸ್ವಿಚ್ ಜೋಡಿ ಮೊದಲ ವ್ಯಾಲಿಡೇಟ್, ಅದು ಪಾಸಾದರ ಕನ್ವರ್ಟ್. ಡಿಸ್ಕ್‌ನಾಗ ನಾಲ್ಕು ಪ್ರೈಮರಿ ಪಾರ್ಟಿಶನ್ ಇದ್ದರ ವ್ಯಾಲಿಡೇಟ್ ಫೇಲ್ ಆಗತೈತಿ, ಮೂರಕ್ಕ ಇಳಸಬೇಕು. ಕನ್ವರ್ಟ್ ಆದ ಮ್ಯಾಲೆ ಬಯೋಸ್‌ಗೆ ಹೋಗಿ ಲೆಗಸಿ, ಅಂದರ ಸಿಎಸ್‌ಎಂ, ಬಂದ್ ಮಾಡಿ ಸೆಕ್ಯೂರ್ ಬೂಟ್ ಚಾಲೂ ಮಾಡ್ರಿ. ಈ ಕ್ರಮ ಉಲ್ಟಾ ಆದರ "ಬೂಟ್ ಡಿವೈಸ್ ಇಲ್ಲ" ಅಂತ ಕರೇ ಪರದೆ ಬರತೈತಿ. ಆಗ ಡಿಸ್ಕ್ ಹೋತು ಅಂತ ತಲಿ ಕೆಡಿಸಗೋಬ್ಯಾಡ್ರಿ, ಸಿಎಸ್‌ಎಂ ತಿರಗಿ ಆನ್ ಮಾಡಿದರ ಮೊದಲಿನಂಗ ಏಳತೈತಿ. ಜಿಟಿ 210ದಂಥ ಹಳೇ ಗ್ರಾಫಿಕ್ಸ್ ಕಾರ್ಡ್ ಹಚ್ಚಿದ್ದರ ಸಿಎಸ್‌ಎಂ ಬಂದ್ ಆದಕೂಡಲೇ ಮಾನಿಟರ್‌ಗೆ ಏನೂ ಬರದಂಗ ಆಗಬಹುದು. ಕಾರ್ಡ್ ತಗದು ಬೋರ್ಡ್‌ನ ಪೋರ್ಟಿಗೆ ಕೇಬಲ್ ಹಚ್ಚಿ ನೋಡ್ರಿ.

ಇನ್ನು ವೇಗ. 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಮ್ಯಾಲೆ ಹನ್ನೊಂದು ಹಾಕಿಸೂದು ದುಡ್ಡು ಕೊಟ್ಟು ಸಿಟ್ಟು ತಗೊಂಡಂಗ. ಮೈಕ್ರೋಸಾಫ್ಟ್ 4 ಜಿಬಿ ಸಾಕು ಅಂತ ಬರದೈತಿ, ಬರಕೊಳ್ಳಲಿ. 8 ಜಿಬಿ, 256 ಜಿಬಿಯ ಸಾಟಾ ಎಸ್‌ಎಸ್‌ಡಿ ಕನಿಷ್ಠ. ರ‍್ಯಾಮ್ ತರೂವಾಗ ಡಿಡಿಆರ್3, ಡಿಡಿಆರ್4 ಒಂದಕ್ಕೊಂದು ಕೂಡೂದಿಲ್ಲ. ಹಳೇ ಕಡ್ಡಿ ಕೈಯಾಗ ಹಿಡಕೊಂಡ ಅಂಗಡಿಗೆ ಹೋಗ್ರಿ. ಗಡಿಯಾರ ಪ್ರತೀ ಸಲ ಹಿಂದಿನ ವರ್ಷಕ್ಕ ಹೋಗತಿದ್ದರ ಬೋರ್ಡ್ ಮ್ಯಾಲಿನ ಸಿಆರ್2032 ಸೆಲ್ಲೂ ಬದಲಿ ಮಾಡಿಸ್ರಿ. ತಾರೀಖು ತಪ್ಪಿದರ ಜಿಎಸ್‌ಟಿ ಪೋರ್ಟಲ್ ಸೈತ ತೆರಿಯೂದಿಲ್ಲ.

ಈಗ ನಿಜವಾದ ತ್ರಾಸಿಗೆ ಬರೂಣು. ಟ್ಯಾಲಿ ಲೈಸೆನ್ಸ್ ಆ ಮಷಿನ್‌ಗೆ ಕಟ್ಟಿರತೈತಿ. ಫಾರ್ಮ್ಯಾಟ್ ಮಾಡೂದಿದ್ದರ ಅದಕ್ಕಿಂತ ಮೊದಲ, ನೆಟ್ ಇದ್ದಾಗನ, ಟ್ಯಾಲಿಯೊಳಗಿಂದ ಲೈಸೆನ್ಸ್ ಸರೆಂಡರ್ ಮಾಡ್ರಿ, ಅಂದರ ಆ ಮಷಿನ್‌ನಿಂದ ಬಿಡಿಸಗೋರಿ. ಲೈಸೆನ್ಸ್‌ಗೆ ಕೊಟ್ಟ ಇ-ಮೇಲ್ ಪಾಸ್‌ವರ್ಡ್ ನಿಮ್ಮ ಕಡೆ ಐತೋ, ಐದು ವರ್ಷದ ಹಿಂದ ಬಿಟ್ಟಹೋದ ಅಕೌಂಟೆಂಟ್ ಕಡೆ ಐತೋ, ಅದನ್ನೂ ಆಗನ ನೋಡಗೋರಿ. ಡಾಟಾ ಫೋಲ್ಡರ್ ಸಿ ಡ್ರೈವ್‌ನಾಗ ಇದ್ದರ ಕಾಪಿ ಮಾಡಿ, ಬ್ಯಾರೆ ಮಷಿನ್‌ನಾಗ ತಗದು ನೋಡಿದ ಮ್ಯಾಲೆನ ಮುಂದಿನ ಮಾತು.

ಗದಗ-ಬೆಟಗೇರಿ ಪ್ರೆಸ್‌ನವರಿಗೆ, ಲಗ್ನಪತ್ರಿಕೆ ಮಾಡೂ ಡಿಟಿಪಿಯವರಿಗೆ ನುಡಿ ದೊಡ್ಡ ವಿಷಯ. ಹಳೇ ಫೈಲ್‌ಗಳು ಯುನಿಕೋಡ್ ಅಲ್ಲ, ನುಡಿ 01 ಇ ಥರದ ಫಾಂಟ್ ಇಲ್ಲದಿದ್ದರ ಕನ್ನಡದ ಬದಲಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣತೈತಿ. ಫಾಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ತಗೋರಿ. ತಿರಗಿ ಹಾಕೂವಾಗ ಡಬಲ್ ಕ್ಲಿಕ್ ಬ್ಯಾಡ, ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಒತ್ತರಿ. ಇಲ್ಲದಿದ್ದರ ಫಾಂಟ್ ಆ ಒಬ್ಬ ಯೂಸರ್‌ನ ಫೋಲ್ಡರ್‌ನಾಗ ಕುಂದರತೈತಿ, ಪುಟ ಜೋಡಸೂ ಪೇಜ್‌ಮೇಕರ್‌ನಂಥ ಹಳೇ ಸಾಫ್ಟ್‌ವೇರ್‌ಗೆ ಕಾಣಲಿಕ್ಕಿಲ್ಲ. ಪೇಜ್‌ಮೇಕರ್ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರ ನುಡಿ ಕೀಬೋರ್ಡ್ ಸೈತ ಅಡ್ಮಿನಿಸ್ಟ್ರೇಟರ್ ಆಗೇ ಓಡಬೇಕು. ಒಂದು ಮ್ಯಾಲೆ, ಒಂದು ಕೆಳಗ ಇದ್ದರ ವಿಂಡೋಸ್ ನಡಕ ಗ್ವಾಡಿ ಹಾಕತೈತಿ, ಎಷ್ಟ ಒತ್ತಿದರೂ ಕನ್ನಡ ಮೂಡೂದಿಲ್ಲ. ಮಂದಿ ಇದನ್ನ "ಹನ್ನೊಂದರಾಗ ನುಡಿ ನಡಿಯೂದಿಲ್ಲ" ಅಂತ ತಿಳಕೋತಾರ.

ಇನ್ನೊಂದು: ಹಳೇ 32 ಬಿಟ್ ವಿಂಡೋಸ್‌ನಾಗ ನಡೀತಿದ್ದ 16 ಬಿಟ್ ಸೆಟಪ್ ಫೈಲ್, ಡಾಸ್ ಬಿಲ್ಲಿಂಗ್ ಪ್ರೋಗ್ರಾಮ್ ಹನ್ನೊಂದರಾಗ ನೇರವಾಗಿ ನಡಿಯೂದಿಲ್ಲ, ಯಾಕಂದರ ಹನ್ನೊಂದು 64 ಬಿಟ್ ಅಷ್ಟ ಬರತೈತಿ. ಪ್ರಿಂಟರ್‌ನ 64 ಬಿಟ್ ಡ್ರೈವರ್ ಮೊದಲ ಇಳಿಸಿ ಇಟಗೋರಿ.

ಎಲ್ಲಾ ಸರಿ ಇದ್ದು ಫಾರ್ಮ್ಯಾಟ್ ಮಾಡದ ಮ್ಯಾಲಿಂದ ಮ್ಯಾಲೆ ಅಪ್‌ಗ್ರೇಡ್ ಮಾಡಿದರ ಫೈಲು, ಸಾಫ್ಟ್‌ವೇರ್ ಉಳೀತಾವ. ಸರಿ ಬರಲಿಲ್ಲಾಂದರ 10 ದಿನದೊಳಗ ರಿಕವರಿಗೆ ಹೋಗಿ ಹತ್ತಕ್ಕ ಮರಳಬಹುದು. ಆ 10 ದಿನ ಡಿಸ್ಕ್ ಕ್ಲೀನಪ್ ಮುಟ್ಟಬ್ಯಾಡ್ರಿ, ಹಳೇ ವಿಂಡೋಸ್ ಇರೂ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಹೋದರ ದಾರಿ ಬಂದ್. ಹೆಸ್ಕಾಂ ಕರೆಂಟ್ ನಂಬಿ ಯುಪಿಎಸ್ ಇಲ್ಲದ ಅಪ್‌ಗ್ರೇಡ್ ಒತ್ತೂದೂ ಬ್ಯಾಡ.

ಬೈಪಾಸ್ ಬಗ್ಗೆ: ರೂಫಸ್ ಅನ್ನೂ ಬೂಟ್ ಪೆನ್‌ಡ್ರೈವ್ ಮಾಡೂ ಸಾಫ್ಟ್‌ವೇರ್‌ನಾಗ ನಿಯಮ ತಗಿಯೂ ಟಿಕ್ ಹಾಕಿ 8 ಜಿಬಿ ಪೆನ್‌ಡ್ರೈವ್ ಮಾಡಿದರ ನಾಲ್ಕನೇ ಜನರೇಶನ್ ಮ್ಯಾಲೂ ಹನ್ನೊಂದು ಏರತೈತಿ. ಆದರ ವರ್ಷಕ್ಕೊಮ್ಮೆ ಬರೂ ದೊಡ್ಡ ಅಪ್‌ಡೇಟ್ ತಾನ ಬರೂದು ಖಾತ್ರಿ ಇಲ್ಲ. ಕೋರ್ 2 ಡ್ಯುಯೋ ಮಷಿನ್ ಅಂತೂ 24ಎಚ್2 (ಹನ್ನೊಂದರ 2024ರ ಆವೃತ್ತಿ) ಆದ ಮ್ಯಾಲೆ ಬೂಟ್ ಆಗೂದ ಇಲ್ಲ, ಆ ಪ್ರೊಸೆಸರ್‌ಗೆ ಪಾಪ್‌ಕೌಂಟ್ ಅನ್ನೂ ಇನ್‌ಸ್ಟ್ರಕ್ಷನ್ ಗೊತ್ತಿಲ್ಲ. ಮನಿಯಾಗಿನ ಮಷಿನ್ ಮ್ಯಾಲೆ ಆಟ ಆಡ್ರಿ. ಲೆಕ್ಕಪತ್ರ ಇರೂ ಮಷಿನ್‌ಗೆ ಬ್ಯಾಡ.

ಬರೇ ಬ್ರೌಸರ್, ಪತ್ರ, ಯೂಟ್ಯೂಬ್ ಇದ್ದರ ಎಸ್‌ಎಸ್‌ಡಿ ಹಚ್ಚಿ ವಿಂಡೋಸ್ ಬದಲಿ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕ್ರಿ, ಅದರ ಟೈಪಿಂಗ್ ಸಾಫ್ಟ್‌ವೇರ್ ಐಬಸ್‌ನಾಗ ಕೆಜಿಪಿ, ಅಂದರ ನುಡಿಯಂಥ ಕೀಬೋರ್ಡ್ ವಿನ್ಯಾಸ ಸಿಗತೈತಿ. ಪೇಜ್‌ಮೇಕರ್ ಓಡಿಸೂ ಮುದಿ ಮಷಿನ್ ಇದ್ದರ ಅದನ್ನ ಇದ್ದಂಗ ಬಿಟ್ಟು ನೆಟ್ ಕೇಬಲ್ ಕಿತ್ತ ಹಾಕ್ರಿ. ಗಿರಾಕಿ ಪೆನ್‌ಡ್ರೈವ್ ಮೊದಲ ಅಪ್‌ಡೇಟ್ ಇರೂ ಮಷಿನ್‌ಗೆ ಹಾಕಿ ಸ್ಕ್ಯಾನ್ ಮಾಡಿ, ಬೇಕಾದ ಫೈಲ್ ಅಷ್ಟ ನಿಮ್ಮ ಸ್ವಂತ ಪೆನ್‌ಡ್ರೈವ್‌ನಾಗ ಇದಕ್ಕ ತರ್ರಿ.